ಐದು ತೋಟಾ, ಎರಡು ಬಣ್ಣ

ಬೆಳಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಪೊಲೀಸ್ ಡೆಪ್ಯುಟಿ ಒಳಗೆ ಕಾಲಿಟ್ಟಾಗ ಡೇಲ್ ಕ್ರಾಮರ್ ಅಡುಗೆಮನೆಯಲ್ಲಿ ಅಂಗಾತ ಬಿದ್ದಿದ್ದ. ಎದೆಯಲ್ಲಿ ಒಂದೇ ತೂತು. ಕೈ ಬರಿದು— ಚಾಕುವಿಲ್ಲ, ಪಿಸ್ತೂಲಿಲ್ಲ.

ಒಲೆಯ ಪಕ್ಕದ ಕುರ್ಚಿಯಲ್ಲಿ ಲೋರ್ನಾ ಟ್ವೀಡ್ ಕೂತಿದ್ದಳು, ಕಾಲ ಬಳಿ ಅವಳ ರಿವಾಲ್ವರ್. ಅರವತ್ತಮೂರು ವರ್ಷ. ಹ್ಯಾರೋ ಕ್ರೀಕಿನ ಅರ್ಧ ಊರನ್ನು ಬಸ್ಸು ಓಡಿಸಿ ಶಾಲೆಗೆ ಮುಟ್ಟಿಸಿದವಳು. ಸತ್ತವನು ಅವಳ ಮಗಳು ಜೋಡಿಯ ಮಾಜಿ ಗಂಡ. ಆ ಮನೆಯ ಹತ್ತಿರ ಸುಳಿಯಬಾರದೆಂದು ಕೋರ್ಟು ಅವನಿಗೆ ತಾಕೀತು ಮಾಡಿತ್ತು.

"ಜೋಡಿ ಎಲ್ಲೇ ಅಂತ ಬಾಗಿಲು ಒದ್ಕೊಂಡು ಬಂದ. ನನ್ನ ಕುತ್ತಿಗೆಗೆ ಕೈ ಚಾಚಿದ. ಹೊಡೆದೆ."

"ಎಷ್ಟು ದೂರದಲ್ಲಿದ್ದ?"

"ಎರಡಡಿ."

"ತೋಟಾ ಎಲ್ಲಿಂದು?"

"ಅಂಗಡೀದು. ಒಂದೇ ಡಬ್ಬಿ ತಂದಿದ್ದೆ."

ಮೂರು ತಿಂಗಳಾದ ಮೇಲೆ ಪ್ರಯೋಗಾಲಯದ ವರದಿ ಬಂತು. ತೋಟಾದ ತಳದಲ್ಲಿದ್ದ ಮುದ್ರೆ ನೋಡಿ, ಅದೇ ಕಂಪನಿಯ ಹೊಸ ತೋಟಾ ತಂದು, ಅದೇ ರಿವಾಲ್ವರಿನಿಂದ ಬಟ್ಟೆಗೆ ಹೊಡೆದು ನೋಡಿದ್ದರು. ಎರಡಡಿಯಿಂದ ಹೊಡೆದರೆ ಬಟ್ಟೆಯ ತುಂಬ ಮದ್ದಿನ ಮಸಿ ಕೂರುತ್ತಿತ್ತು. ಡೇಲನ ಅಂಗಿಯಲ್ಲಿ ಮಸಿಯೇ ಇರಲಿಲ್ಲ. ಅಂದರೆ, ಅವರ ಲೆಕ್ಕದಲ್ಲಿ, ಅವನು ಬಾಗಿಲಲ್ಲೇ ನಿಂತಿದ್ದ— ಎಂಟಡಿ ಆಚೆ, ಬರಿಗೈಲಿ. ಲೋರ್ನಾಳ ಮೇಲೆ ಕೊಲೆಯ ಆರೋಪ ಬಿತ್ತು.

ಅವಳ ವಕೀಲ ಗ್ರೇಡಿ ಕಡತವನ್ನು ನೆಟ್ಟಿ ಹಾಲ್ವರ್ಸನ್‌ಳ ಮುಂದೆ ತಳ್ಳಿದ. ನೆಟ್ಟಿ ಹದಿನಾಲ್ಕು ವರ್ಷ ಪೊಲೀಸಿನಲ್ಲಿದ್ದು ಬಿಟ್ಟು ಬಂದವಳು. ಈಗ ವಕೀಲರಿಗೆ ತನಿಖೆ ಮಾಡಿಕೊಡುತ್ತಿದ್ದಳು. ಚಿಕ್ಕವಳಿದ್ದಾಗ ಅವಳೂ ಲೋರ್ನಾಳ ಬಸ್ಸಿನಲ್ಲಿ ಹೋದವಳೇ.

"ಸುಳ್ಳು ಹೇಳ್ತಿದಾಳೆ ಅನ್ಸುತ್ತೆ," ಎಂದ ಗ್ರೇಡಿ.

"ಯಾವುದ್ರಲ್ಲಿ?"

"ದೂರದ ವಿಷಯದಲ್ಲಿ. ಇನ್ಯಾವುದ್ರಲ್ಲಿ?"

ನೆಟ್ಟಿ ಕಡತದ ಹನ್ನೊಂದನೆಯ ಫೋಟೊ ನೋಡುತ್ತಿದ್ದಳು. ರಿವಾಲ್ವರಿನಲ್ಲಿ ತೋಟಾ ಕೂರುವ ಗುಂಡುಮನೆ, ಹಿಂಬದಿಯಿಂದ ತೆಗೆದದ್ದು. ಐದು ತೋಟಾಗಳ ತಳ. ಐದರಲ್ಲೂ ಒಂದೇ ಕಂಪನಿಯ ಮುದ್ರೆ. ಆದರೆ ನಡುವಿನ ಪುಟ್ಟ ಕೇಪು— ರಿವಾಲ್ವರಿನ ಕುದುರೆ ಬಡಿದು ಕಿಡಿ ಹೊತ್ತಿಸುವ ಆ ಬಟ್ಟು— ಮೂರರಲ್ಲಿ ಹಳದಿ, ಎರಡರಲ್ಲಿ ಬಿಳಿ.

ಹಾರಿದ ತೋಟಾದ ಕೇಪು ಬಿಳಿಯದು.

ಮರುದಿನ ಅವಳು ಲೋರ್ನಾಳ ತಮ್ಮ ವರ್ಜಿಲನ ಗ್ಯಾರೇಜಿಗೆ ಹೋದಳು. ದರೋಡೆಯೊಂದರಲ್ಲಿ ಸಿಕ್ಕಿಬಿದ್ದು ಒಂಬತ್ತು ವರ್ಷ ಜೈಲಿನಲ್ಲಿದ್ದು ಬಂದವನು. ಬಾಗಿದ ಬೆನ್ನು, ಬಾಯಲ್ಲಿ ನಾಲ್ಕು ಹಲ್ಲಿಲ್ಲ. ಕೆಲಸದ ಮೇಜು ಎಣ್ಣೆಜಿಡ್ಡಿನಿಂದ ಕಪ್ಪಾಗಿತ್ತು. ಒಂದು ಅಂಚಿನಲ್ಲಿ ಮಾತ್ರ ಅಂಗೈಯಗಲ ಬೆಳ್ಳನೆ ಮರ, ಅದರಲ್ಲಿ ನಾಲ್ಕು ಬೋಲ್ಟಿನ ತೂತು.

"ಇಲ್ಲೇನಿತ್ತು, ವರ್ಜಿಲ್?"

"ಕಬ್ಬಿಣ ಬಿಗಿಯೋ ಹಿಡಿಕಟ್ಟು. ಮುರೀತು."

"ತೋಟಾ ತುಂಬೋ ಯಂತ್ರ ಅಲ್ವಾ?"

"ನಾನು ಜೈಲು ಕಂಡು ಬಂದವನು. ತೋಟಾ ಮುಟ್ಟಿದ್ರೆ ಮತ್ತೆ ಒಳಗೆ ಹಾಕ್ತಾರೆ. ನಿಂಗೊತ್ತಿಲ್ವಾ ಅದು?"

"ಗೊತ್ತು. ಅದಕ್ಕೇ ಕೇಳ್ತಿದೀನಿ. ಕಂಪನಿಯೋರು ಒಂದು ಡಬ್ಬೀಲಿ ಎರಡು ಬಣ್ಣದ ಕೇಪು ಹಾಕಲ್ಲ. ಹಾರಿದ ತೋಟಾದ ಖಾಲಿ ಕೋಶ ಹೆಕ್ಕಿ, ಕೈಗೆ ಸಿಕ್ಕಿದ ಕೇಪು ಒತ್ತಿ, ಮನೇಲಿ ಮದ್ದು ತುಂಬೋನು ಹಾಕ್ತಾನೆ. ಬಿಳಿ ಕೇಪಿನ ತೋಟಾಕ್ಕೆ ಮದ್ದು ಎಷ್ಟು ಹಾಕಿದ್ದೆ?"

ಅವನು ಒದ್ದೆ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದ.

"ಅಕ್ಕಂಗೆ ಮಣಿಕಟ್ಟಿನ ನೋವು. ಅಂಗಡಿ ತೋಟಾ ಹೊಡೆದ್ರೆ ಕೈ ಊದ್ಕೊಳ್ಳೋದು. ಅದಕ್ಕೆ ಕಮ್ಮಿ ಹಾಕ್ದೆ. ಬೇಗ ಉರಿಯೋ ಮದ್ದು. ಮಸಿ ಬೀಳಲ್ಲ."

"ಎಷ್ಟು ಮದ್ದು ಹಾಕ್ದೆ ಅಂತ ಬರೆದಿಟ್ಟ ಪುಸ್ತಕ?"

"ಸುಟ್ಟೆ. ಯಂತ್ರ ಕೆರೆಗೆ ಎಸೆದೆ."

"ಯಾವತ್ತು?"

"ಅವತ್ತೇ. ಹತ್ತು ಗಂಟೆಗೆ ಬೆಂಕಿ ಹಚ್ಚಿದೆ."

ನೆಟ್ಟಿ ತಲೆಯೆತ್ತಿದಳು. "ಡೆಪ್ಯುಟಿ ಮನೆ ಸೇರಿದ್ದೇ ಹತ್ತೂ ಐದಕ್ಕೆ. ನಿಂಗೆ ಯಾರು ಹೇಳಿದ್ರು?"

ವರ್ಜಿಲ್ ಅವಳನ್ನು ಹೊರಗೆ ಕಳಿಸಿ ಗ್ಯಾರೇಜಿನ ಬಾಗಿಲು ಎಳೆದುಕೊಂಡ. ಸಂಜೆ ಲೋರ್ನಾಳ ಮಗಳು ಜೋಡಿ ತಾಯಿಯ ಫೋನಿನ ಬಿಲ್ಲು ಹುಡುಕಿಕೊಟ್ಟಳು. ಅದನ್ನು ಹಿಡಿದುಕೊಂಡು ನೆಟ್ಟಿ ಜೈಲಿನ ಗಾಜಿನೆದುರು ಕೂತಳು.

"ನೀವು ದೂರದ ವಿಷಯದಲ್ಲಿ ಸುಳ್ಳು ಹೇಳಿಲ್ಲ, ಲೋರ್ನಾ. ತೋಟಾದ ವಿಷಯದಲ್ಲಿ ಹೇಳಿದ್ರಿ. ಅವರು ಅಂಗಡಿ ತೋಟಾ ಹೊಡೆದು ನೋಡಿದ್ರು, ಡೇಲ್‌ಗೆ ಬಿದ್ದಿದ್ದು ನಿಮ್ಮ ತಮ್ಮ ಮಾಡಿದ್ದು. ಐದು ಕೇಪಿನ ಬಣ್ಣ ಯಾರೂ ನೋಡ್ಲಿಲ್ಲ."

"ಹಾಗಾದ್ರೆ ಬಚಾವಾದೆ ಅನ್ನು."

"ಇಲ್ಲ. ಬಿಳಿ ಕೇಪಿಂದು ಇನ್ನೊಂದೇ ಉಳಿದಿದೆ. ಬಿಚ್ಚಿದ್ರೆ ಮದ್ದು ಕಮ್ಮಿ ಇರಬಹುದು. ಆದ್ರೆ ಕೈಯಲ್ಲಿ ತುಂಬಿದ್ದು. ಹಾರಿಹೋದದ್ರಲ್ಲೂ ಅಷ್ಟೇ ಇತ್ತು ಅಂತ ಏನು ಗ್ಯಾರಂಟಿ ಅಂತಾರೆ. ಅದನ್ನ ಹೇಳಬೇಕಾದ ಪುಸ್ತಕ ಬೂದಿ ಆಗಿದೆ. ಪುಸ್ತಕ ಇದ್ದಿದ್ರೂ ಸುಲಭ ಇರ್ಲಿಲ್ಲ— ನಿಮ್ಮ ತಮ್ಮನೇ ಬರೆದದ್ದು ಅಂತಿದ್ರು. ಈಗ ಅದೂ ಇಲ್ಲ."

"ವರ್ಜಿಲ್ ಹೆದರಿ ಸುಟ್ಟಿರ್ತಾನೆ."

"ಸುಟ್ಟೋನು ಅವನು. ಸುಡಿಸಿದೋರು ನೀವು." ನೆಟ್ಟಿ ಬಿಲ್ಲನ್ನು ಗಾಜಿಗೆ ಒತ್ತಿ ಹಿಡಿದಳು. "ಪಕ್ಕದ ಮನೆಯೋರು ಗುಂಡಿನ ಸದ್ದು ಕೇಳಿದ್ದು ಒಂಬತ್ತೂ ಐವತ್ತಕ್ಕೆ. ನೀವು ಪೊಲೀಸರಿಗೆ ಫೋನ್ ಮಾಡಿದ್ದು ಐವತ್ತೆಂಟಕ್ಕೆ. ಅದಕ್ಕಿಂತ ಮೊದಲು, ಐವತ್ತೆರಡಕ್ಕೆ— ತಮ್ಮಂಗೆ. ನಿಮ್ಮನ್ನ ಬಿಡಿಸೋ ಸಾಕ್ಷಿನ ನೀವೇ ಅಳಿಸಿದ್ರಿ."

ಲೋರ್ನಾ ಗಾಜಿನ ಮೇಲಿಂದಲೇ ಆ ಅಂಕಿಗಳ ಮೇಲೆ ಬೆರಳಿಟ್ಟಳು.

"ನೆಟ್ಟಿ, ವರ್ಜಿಲ್ ಜೈಲಿಂದ ಬಂದಾಗ ಅನ್ನ ಅಗಿಯೋಕೂ ಆಗ್ತಿರ್ಲಿಲ್ಲ ಕಣೇ. ನಾನು ನಿಜ ಹೇಳ್ತೀನಿ, ನಂಬ್ತಾರೆ ಅಂದ್ಕೊಂಡೆ. ನಿಜ ಹೇಳೋರಿಗೆ ಪುಸ್ತಕ ಯಾಕೆ ಬೇಕು?"

"ಆ ಎಂಟು ನಿಮಿಷ ಡೇಲ್ ಬದುಕಿದ್ನಾ?"

"ಉಸಿರಾಡ್ತಿದ್ದ." ಅವಳು ಕಣ್ಣು ತಪ್ಪಿಸಲಿಲ್ಲ. "ಅದನ್ನೂ ಕೇಳ್ತಾರೆ, ಅಲ್ವಾ?"

"ಮೊದಲು ಅದನ್ನೇ ಕೇಳ್ತಾರೆ. ಈ ಬಿಲ್ಲು ಹೊರಗೆ ಬಂದ್ರೆ ವರ್ಜಿಲ್ ಒಳಗೆ. ನೀವೂ ಹೊರಗೆ ಬರಲ್ಲ."

"ಹಂಗಾದ್ರೆ ಮಡಚಿ ಇಟ್ಕೊ."

ಗ್ರೇಡಿ ಸರ್ಕಾರಿ ವಕೀಲನೊಂದಿಗೆ ರಾಜಿ ಕುದುರಿಸಿದ. ಲೋರ್ನಾ ಸಣ್ಣದೊಂದು ಆರೋಪ ಒಪ್ಪಿಕೊಂಡರೆ ಕೊಲೆಯ ಆರೋಪ ಕೈಬಿಡುತ್ತಾರೆ, ಎಂಟು ವರ್ಷ ಜೈಲು. ಒಂದೇ ಷರತ್ತು— ನಡೆದದ್ದನ್ನು ಅವಳು ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಬೇಕು, ಪ್ರಯೋಗಾಲಯದ ವರದಿಯಂತೆ.

ಜೋಡಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ವರ್ಜಿಲ್ ಬಂದಿರಲಿಲ್ಲ.

"ನೀವು ಗುಂಡು ಹಾರಿಸಿದಾಗ ಆತ ಎಷ್ಟು ದೂರದಲ್ಲಿದ್ದ?" ಎಂದು ಕೇಳಿದರು ನ್ಯಾಯಾಧೀಶರು.

ಲೋರ್ನಾ ನೆಟ್ಟಿಯ ಕಡೆ ಒಮ್ಮೆ ನೋಡಿ, ಮುಂದೆ ತಿರುಗಿದಳು.

"ಎಂಟಡಿ, ಸ್ವಾಮಿ."

ಈ ಸಲ ಎಲ್ಲರೂ ನಂಬಿದರು.