ಗೌರಿಗೆ ಮಾತ್ರ ಗೊತ್ತಿದ್ದ ಅಳು

"ಅವ್ವಾ, ನಿನ್ನ ಕಾಲಿಗೆ ಬೀಳ್ತೀನಿ... ಅವರನ್ನ ಅಲ್ಲಿಗೆ ಕರ್ಕೊಂಡು ಓಗ್ಬ್ಯಾಡ ಕಣವ್ವಾ!"

ಬಸವೇಶ ನಿಜವಾಗಿಯೂ ಬಿದ್ದ. ಸುವರ್ಣಮ್ಮ ಕಾಲನ್ನು ಪಕ್ಕಕ್ಕೆಳೆದುಕೊಂಡು ಒಬ್ಬಟ್ಟು ತಟ್ಟುವುದನ್ನು ಮುಂದುವರಿಸಿದಳು.

"ಸುಮ್ಕಿರ್ಲಾ! ಮಗ ಸಿನಿಮಾದಲ್ಲವ್ನೆ ಅಂತ ಯಳಂದೂರಿನ ಹೆಣ್ಣಿನ ಕಡೇರ್ಗೆ ಫೋನ್ ಮಾಡಿ ಯೋಳಾಗದೆ. ಹುಡುಗೀನೂ ಬತ್ತಾವ್ಳೆ."

ಮನೆ ನೋಡಲು ಹೆಣ್ಣಿನ ಕಡೆಯ ಹಿರಿಯರು ಬರುವುದು ಪದ್ಧತಿ. ಹುಡುಗಿಯನ್ನೇ ಕರೆಸುವುದು ಎಲ್ಲಿಯ ಶಾಸ್ತ್ರ? ಆದರೆ ಮೂವತ್ಮೂರು ತುಂಬಿದ ಮಗನಿಗೆ ಹದಿನೇಳು ಸಂಬಂಧ ತಪ್ಪಿಹೋದ ತಾಯಿಯ ಮುಂದೆ ನಿಂತು ಶಾಸ್ತ್ರ ಹೇಳುವ ಧೈರ್ಯ ನಿಮಗಿದ್ದರೆ ಹೇಳಿ, ನನಗಂತೂ ಇಲ್ಲ.

ಅದು ಸಿನಿಮಾ ಅಲ್ಲ. ಕೊಳ್ಳೇಗಾಲದ ಯುವಕ ಸಂಘವೊಂದು ಗಂಡುಮಕ್ಕಳ ಕಷ್ಟಗಳ ಬಗ್ಗೆ ತೆಗೆದ ಸಾಕ್ಷ್ಯಚಿತ್ರ. "ಮುಖ ತೋರಿಸಲ್ಲ, ದನಿ ಬದಲಾಯಿಸ್ತೀವಿ" ಎಂದು ಮಾತು ಕೊಟ್ಟಿದ್ದಕ್ಕೆ ಬಸವೇಶ ಕೊಟ್ಟಿಗೆಯಲ್ಲಿ ಕುಳಿತು ಎದೆಯಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟಿದ್ದ. ಕ್ಯಾಮೆರಾದವರಿಗೆ ಕಾಫಿ ಕೊಟ್ಟ ಸುವರ್ಣಮ್ಮ, ಮಗ ಹೀರೋ ಆದನೆಂದು ತಮ್ಮೂರು ಕುಂತೂರಿಗೆಲ್ಲ ಸಾರಿದ್ದಳು!

ಸಂಜೆ ನಾಲ್ಕಕ್ಕೆ ಆ ಚಿತ್ರ ನೋಡಲು ಊರಿನ ಸಮುದಾಯ ಭವನ ತುಂಬಿತು. ಮುಂದಿನ ಸಾಲಿನಲ್ಲಿ ಯಳಂದೂರಿನ ದಿನಸಿ ವ್ಯಾಪಾರಿ ಪ್ರಭುಸ್ವಾಮಿ, ಅವರ ಮಗಳು ಭವ್ಯ. ಆಕೆಗೆ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಪಕ್ಕದಲ್ಲಿ ರೇಷ್ಮೆ ಸೀರೆಯ ಸುವರ್ಣಮ್ಮ, ಬಾಯಿ ಬಿಡದ ಗಂಡ ಶಿವರುದ್ರಸ್ವಾಮಿ. ಬಸವೇಶ ಕಂಬದ ಹಿಂದೆ ನಿಂತು ಬೆವರುತ್ತಿದ್ದ.

ಪರದೆಯ ಮೇಲೆ ಮುಖವೆಲ್ಲ ಮಸುಕಾದ ಒಬ್ಬ ಗಂಡಸು ಬಂದ. ದನಿ ಗೊಗ್ಗರು. ಯಾರಿಗೂ ಗುರುತು ಸಿಗಲಿಲ್ಲ. ಆದರೆ ಅವನ ಹಿಂದೆ ಮೆಲುಕು ಹಾಕುತ್ತಿದ್ದ ಹಸುವಿನ ಮುಖವನ್ನು ಮಸುಕು ಮಾಡಬೇಕೆಂದು ಯಾವ ಪುಣ್ಯಾತ್ಮನಿಗೂ ಹೊಳೆದಿರಲಿಲ್ಲ. ಒಂದು ಕೊಂಬು ಆಕಾಶಕ್ಕೆ, ಒಂದು ಭೂಮಿಗೆ!

"ಅಯ್ಯೋ, ನಮ್ ಗೌರಿ!" ಸುವರ್ಣಮ್ಮ ಎದ್ದುನಿಂತು ಚಪ್ಪಾಳೆ ತಟ್ಟಿದಳು. "ನೋಡ್ರಿ, ನಮ್ ಬಸವೇಶ ಅವ್ನೇ ಕಣ್ರಿ!"

ಪರದೆಯ ಗಂಡಸು ಹೇಳತೊಡಗಿದ. "ಸಕ್ಕರೆ ಕಾರ್ಖಾನೇಲಿ ಪರ್ಮನೆಂಟು ಅಂತ ಅವ್ವ ಎಲ್ಲಾ ಕಡೆ ಯೋಳ್ತದೆ. ನಾನು ಕಬ್ಬರೆಯೋ ಸೀಸನ್ನಿಗೆ ಮಾತ್ರ ಓಗೋನು. ಹೆಣ್ಣು ನೋಡಾಕೆ ಓದಾಗ್ಲೆಲ್ಲ ಆ ಸುಳ್ಳು ಒತ್ಕಂಡು ತಲೆ ತಗ್ಗಿಸಿ ಕೂರ್ತೀನಿ... ಗಂಡಸು ಅಳಬಾರದಂತೆ. ಅದ್ಕೇ ಈ ಹಸುವಿನ ಕತ್ತು ತಬ್ಕಂಡು ಅಳ್ತೀನಿ. ಇದು ಯಾರ್ಗೂ ಯೋಳಲ್ಲ..."

ಭವನ ಗೊಳ್ಳೆಂದಿತು. ಸುವರ್ಣಮ್ಮನ ಚಪ್ಪಾಳೆ ಗಾಳಿಯಲ್ಲೇ ನಿಂತಿತು. ಪ್ರಭುಸ್ವಾಮಿಯವರ ಮುಖ ಕೆಂಪಗಾಯಿತು. "ಏನಮ್ಮಾ ಇದು? ನಮಗೆ ಸುಳ್ಳು ಹೇಳಿದ್ರಾ? ಏಳವ್ವ ಭವ್ಯಾ!"

ಬಸವೇಶ ಕಂಬದ ಹಿಂದಿನಿಂದ ಬಂದು ಕೈಮುಗಿದ. "ಅವ್ವನ್ನ ಬೈಬ್ಯಾಡಿ ಸಾ. ಅದು ನನಗೋಸ್ಕರ ಯೋಳ್ತು. ಬಾಯಿ ಮುಚ್ಕಂಡು ಕುಂತಿದ್ದು ನನ್ ತಪ್ಪು."

ಭವ್ಯ ಏಳಲಿಲ್ಲ. "ಅಪ್ಪಾ, ದಿನಾ ಬೆಳಿಗ್ಗೆ ನೀರು ಬೆರೆಸಿದ ಹಾಲು ನೋಡಿ ಸಾಕಾಗದೆ. ಬೆರಕೆ ಇಲ್ದೆ ಇರೋ ಮಾತು ಇವತ್ತು ಕೇಳ್ದೆ. ಯೋಚನೆ ಮಾಡೋಕೆ ಎಂಟು ದಿನ ಕೊಡಿ." ಆಮೇಲೆ ಬಸವೇಶನ ಕಡೆ ತಿರುಗಿ, "ಆ ಹಸು ಎಷ್ಟು ಲೀಟರ್ ಕೊಡ್ತದೆ?" ಎಂದಳು.

"ಆ... ಆರು," ಎಂದ ಬಸವೇಶ. ಮಗಳ ಕೈಹಿಡಿದು ಪ್ರಭುಸ್ವಾಮಿ ಒಬ್ಬಟ್ಟನ್ನೂ ತಿನ್ನದೆ ಹೊರಟುಹೋದರು.

ಮನೆಗೆ ಬಂದ ಸುವರ್ಣಮ್ಮ ಗಂಡನ ಮೇಲೆ ಹರಿಹಾಯ್ದಳು. "ಇಷ್ಟು ದಿನ ಮಗ ದನದ ತಾವ ಅಳ್ತಿದ್ದದ್ದು ನಿಮಗೆ ಗೊತ್ತಿತ್ತಾ?"

"ಊಂ," ಎಂದರು ಶಿವರುದ್ರಸ್ವಾಮಿ. ಅಂದು ಅವರಾಡಿದ ಮೊದಲ ಮಾತು ಅದು. "ನಾನು ಗೌರಿಯ ಅವ್ವನ ತಾವ ಅಳ್ತಿದ್ದೆ ಕಣಮ್ಮಿ... ಅದೂ ಒಳ್ಳೆ ಹಸ."

ಸುವರ್ಣಮ್ಮ ಯಾರೂ ತಿನ್ನದ ಒಬ್ಬಟ್ಟಿನ ಮುಂದೆ ಕುಳಿತಳು. ಅಯ್ಯೋ ಶಿವನೇ! ಮೂವತ್ತೈದು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಗಂಡಸರಿಗೆ ಅಳಲು ಕೊಟ್ಟಿಗೆಯೊಂದೇ ಜಾಗವಾಗಿತ್ತೇ? ಇಷ್ಟು ಹತ್ತಿರವಿದ್ದೂ ತನಗೇಕೆ ಒಂದು ದಿನವೂ ಕೇಳಿಸಲಿಲ್ಲ?

ಎದ್ದು ಹಿತ್ತಿಲಿಗೆ ಹೋದಳು. ಬಸವೇಶ ಗೌರಿಯ ಕತ್ತಿಗೆ ಹಣೆ ಒತ್ತಿ ನಿಂತಿದ್ದ, ಬೆನ್ನು ನಡುಗುತ್ತಿತ್ತು. ಸುವರ್ಣಮ್ಮ ಹಗ್ಗ ಹಿಡಿದು ಹಸುವನ್ನು ಆಚೆಗೆ ದಬ್ಬಿದಳು.

"ಅತ್ಲಾಗಿ ಓಗೇ ಗೌರಿ. ಇಷ್ಟು ವರ್ಷ ನೀನು ಕೇಳಿದ್ದು ಸಾಕು." ರೇಷ್ಮೆ ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು ಮಗನ ಮುಂದೆ ನಿಂತಳು. "ಬಾ ಮಗ... ಇಲ್ಲಿ ಅಳು."