ಗವಿಸಿದ್ದೇಶನ ಕಟ್ಟು

"ಕಣ್ಣಿಲೆ ಎಷ್ಟರ ಓದ್ರಿ ಮೇಡಂ. ಬಾಯಿಬಿಟ್ಟು ಮಾತ್ರ ಓದಬ್ಯಾಡ್ರಿ" ಎಂದರು ವೀರಭದ್ರಯ್ಯ, ಕಬ್ಬಿಣದ ಬೀರುವಿನ ಬೀಗ ತೆಗೆಯುತ್ತ.

ಯಶೋಧರಾ ನಕ್ಕಳು. ಹರಪನಹಳ್ಳಿಯ ಆ ಕಾಲೇಜಿಗೆ ಕನ್ನಡದ ಅತಿಥಿ ಉಪನ್ಯಾಸಕಿಯಾಗಿ ಬಂದು ಅವಳಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಹಡಗಲಿಯ ಅವಳ ಮನೆಯಲ್ಲಿ ಯಾರಾದರೂ ಮಾಟ, ಮದ್ದು ಎಂದರೆ ಸಾಕು, ಅಪ್ಪ ಊಟ ಬಿಟ್ಟೆದ್ದು ಭಾಷಣಕ್ಕೆ ನಿಲ್ಲುತ್ತಿದ್ದ. ಬುದ್ಧನ ಪಟದ ಕೆಳಗೆ ಕೂತು ಅಕ್ಷರ ಕಲಿತವಳು ಅವಳು.

"ಅಕ್ಷರಕ್ಕ ಹಲ್ಲು ಇರ್ತಾವೇನ್ರಿ ಸರ್?" ಎಂದಳು.

ವಿಭಾಗದ ಮುಖ್ಯಸ್ಥರಾದ ವೀರಭದ್ರಯ್ಯ ನಗಲಿಲ್ಲ. ಬೀರುವಿನ ತಳದಿಂದ ಕಾಗದದ ಕಟ್ಟೊಂದನ್ನು ಎಳೆದು ಮೇಜಿನ ಮೇಲಿಟ್ಟು, ಕರವಸ್ತ್ರದಿಂದ ಕೈ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಕಾಲೇಜು ನೋಡಲು ಸಮಿತಿ ಬರುವುದಿತ್ತು. ಹಳೆಯ ವಿದ್ಯಾರ್ಥಿಗಳ ಒಳ್ಳೆಯ ಕೆಲಸವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಪ್ರಾಂಶುಪಾಲರು ಹೇಳಿದ್ದರು. ಆ ಕಟ್ಟು ಗವಿಸಿದ್ದೇಶ್ ಎಂಬುವವನದು: ಪಾಠದ ಟಿಪ್ಪಣಿಗಳು, ಪ್ರಬಂಧಗಳು, ಕೊನೆಯ ವರ್ಷದ ಯೋಜನಾ ವರದಿ. ವರದಿಗಾಗಿ ಅವನು ಉಚ್ಚಂಗಿದುರ್ಗದ ಬುಡದ ಯಾವುದೋ ಹಟ್ಟಿಗೆ ಹೋಗಿ, ಒಬ್ಬ ಮುದುಕಿಯ ಎದುರು ಕೂತು ಬಾಯಿಕಟ್ಟಿನ ಪದಗಳನ್ನು ಬರೆದುಕೊಂಡು ಬಂದಿದ್ದ. ವೈರಿಯ ನಾಲಿಗೆ ಕಟ್ಟುವ ಮಾಟದ ಪದಗಳು ಅವು. ಬರೆದುಕೋ, ಆದರೆ ಅನ್ನಬೇಡ, ಅಂದವರ ಬಾಯಿಯನ್ನೇ ಅದು ಇಸಗೊಳ್ಳುತ್ತದೆ ಎಂದಿದ್ದಳಂತೆ ಆಕೆ. ಇವನು ಸೆಮಿನಾರಿನಲ್ಲಿ ಎದ್ದುನಿಂತು ರಾಗವಾಗಿ ಓದಿಬಿಟ್ಟ. ಅಂದು ನಿಂತ ಮಾತು ಇಂದಿಗೂ ಬಂದಿಲ್ಲ. ಕೊಟ್ಟೂರಿನಲ್ಲಿ ತಾಯಿಯ ಜೊತೆ ಇದ್ದಾನೆ. ಆ ತಾಯಿ ವರ್ಷಕ್ಕೊಮ್ಮೆ ಬಂದು, ಮಗನ ಕಾಗದ ಸುಡಬೇಡಿ ಎಂದು ಕೈಮುಗಿದು ಹೋಗುತ್ತಾಳೆ.

ಇಷ್ಟು ಹೇಳಿ ವೀರಭದ್ರಯ್ಯ ಹೊರಟುಹೋದರು. ಹುಡುಗ ಹೆದರಿರಬೇಕು, ಹೆದರಿಕೆಯೂ ನಾಲಿಗೆ ಕಟ್ಟುತ್ತದೆ ಎಂದುಕೊಂಡಳು ಯಶೋಧರಾ.

ಶನಿವಾರ ಮಧ್ಯಾಹ್ನ ಕಾಲೇಜು ಖಾಲಿಯಾದ ಮೇಲೆ ಅವಳು ಕಟ್ಟು ಬಿಚ್ಚಿದಳು. ಗೆದ್ದಲು ಮಣ್ಣಿನ ವಾಸನೆ ಮುಖಕ್ಕೆ ಬಡಿಯಿತು. ಹೊರಗೆ ಬಿಸಿಗಾಳಿ ಎದ್ದು ಮೆಕ್ಕೆಜೋಳದ ಸುಂಕಿನ ದೂಳು ಒಳಗೆ ತೂರುತ್ತಿತ್ತು, ಕಿಟಕಿಗಳನ್ನೆಲ್ಲ ಮುಚ್ಚಿದಳು. ಟೈಪ್ ಮಾಡುತ್ತ ಕೂರುವುದು ಯಾರಿಗೆ ಬೇಕು? ಓದಿದರೆ ಸಾಕು, ಮೊಬೈಲು ತಾನೇ ಅಕ್ಷರ ಮೂಡಿಸುತ್ತದೆ. ಅದನ್ನು ಪುಸ್ತಕಕ್ಕೆ ಒರಗಿಸಿ ನಿಲ್ಲಿಸಿ, ಓದತೊಡಗಿದಳು.

ಮೊದಮೊದಲು ಹಿತವೇ ಆಗಿತ್ತು. ದುಂಡು ಅಕ್ಷರ. ಛಂದಸ್ಸಿನ ಟಿಪ್ಪಣಿಯ ಅಂಚಿನಲ್ಲಿ 'ಸರ್ ನಿದ್ದಿ ಮಾಡಾಕ ಹತ್ಯಾರ' ಎಂಬ ಸಾಲು ಕಂಡು ಒಬ್ಬಳೇ ನಕ್ಕಳು. ಇವನು ನನ್ನ ತರಗತಿಯಲ್ಲಿ ಇರಬೇಕಿತ್ತು ಅನ್ನಿಸಿತು. ಹಾಳೆ ತಿರುವುತ್ತ ತಿರುವುತ್ತ ವರದಿ ಬಂತು. ಇಲ್ಲಿ ಅಕ್ಷರ ಬೇರೆ. ಕಾಗದದ ಹಿಂಬದಿಗೆ ಉಬ್ಬು ಮೂಡುವಷ್ಟು ಒತ್ತಿ ಬರೆದದ್ದು.

ಅವಳು ಗಂಟಲು ಸರಿಮಾಡಿಕೊಂಡಳು.

"ಅಂಗಳ ಕಟ್ಟಿದೆ, ಅಂಗುಳ ಕಟ್ಟಿದೆ, ನಾಲಗಿ ತುದಿಗೆ ನೂಲು ಕಟ್ಟಿದೆ..."

ಪದಕ್ಕೆ ತನ್ನದೇ ಒಂದು ನಡಿಗೆ ಇತ್ತು. ನಿಲ್ಲಿಸಬೇಕೆಂದರೂ ಮುಂದಿನ ಸಾಲು ತಾನೇ ಬಂದು ತುಟಿಗೆ ಕೂರುತ್ತಿತ್ತು. ಹಾಳೆ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ಗೊರಗುಟ್ಟುತ್ತ ನಿಂತಿತು. ಕೋಣೆ ಕತ್ತಲಾಯಿತು. ಎಲ್ಲಿಂದಲೋ ಕೂದಲು ಸುಟ್ಟ ನಾತ.

ಓದುವುದನ್ನು ನಿಲ್ಲಿಸಿ ಕೂತಳು. ಮೊಬೈಲಿನ ಬೆಳಕಷ್ಟೇ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಅಕ್ಷರಗಳು ಮೂಡುತ್ತಲೇ ಇದ್ದವು.

'ತುಟಿ ಕಟ್ಟಿದೆ ತೋಟಿ ಕಟ್ಟಿದೆ.'

ಇದು ಹಾಳೆಯಲ್ಲಿ ಇರಲಿಲ್ಲ.

'ಹಡಗಲಿ ದಾರಿ ಕಟ್ಟಿದೆ ಯಶೋಧರಾನ ಹೆಸರು ಕಟ್ಟಿದೆ.'

ಕೋಣೆಯಲ್ಲಿ ಸದ್ದಿಲ್ಲ. ಮತ್ತೆ ಯಾರು ಹೇಳುತ್ತಿದ್ದಾರೆ? ಕೂಗು ತಡೆಯಲು ಬಾಯಿಗೆ ಅಂಗೈ ಒತ್ತಿಕೊಂಡಳು.

ಅಂಗೈಯ ಕೆಳಗೆ ತುಟಿಗಳು ಆಡುತ್ತಿದ್ದವು.

ಅವಳದೇ ತುಟಿಗಳು. ಅವಳಿಗೆ ಕೇಳದ ಮಾತು. ಒತ್ತಿ ಹಿಡಿದಳು. ನಿಲ್ಲಲಿಲ್ಲ. ಹಲ್ಲು ಕಚ್ಚಿದಳು. ನಿಲ್ಲಲಿಲ್ಲ. ನಾಲಿಗೆಯ ತುದಿಗೆ ಏನೋ ತೊಡರಿತು. ಬೆರಳು ಹಾಕಿದಳು. ನೂಲು. ಎಳೆದಳು, ಬಂತು. ಕರಿಯ ನೂಲು. ಒದ್ದೆ ನೂಲು. ಎಳೆದಷ್ಟೂ ಬಂತು. ಗಂಟಲಿನಾಚೆ, ಎದೆಯೊಳಗೆ, ಯಾರೋ ಅದರ ಇನ್ನೊಂದು ತುದಿ ಹಿಡಿದಿದ್ದರು. ಅಲ್ಲಿಂದಲೂ ಎಳೆತ. ಇವಳು ಜಗ್ಗಿದಳು. ಅದು ಜಗ್ಗಿತು. ಪಟ್ಟೆಂದು ಹರಿಯಿತು.

ತುಟಿಗಳು ನಿಂತವು. ಅಪ್ಪಾ ಎಂದು ಕೂಗಿದಳು. ಉಸಿರು ಬಂತು. ದನಿ ಬರಲಿಲ್ಲ.

ದಾವಣಗೆರೆಯ ಗಂಟಲು ಡಾಕ್ಟರು ಒಳಗೆ ಕ್ಯಾಮೆರಾ ಇಳಿಸಿ ನೋಡಿ, ಎಲ್ಲ ಸರಿಯಿದೆ, ವಿಶ್ರಾಂತಿ ತಗೊಳ್ಳಿ ಎಂದರು. ಅಪ್ಪನಿಗೆ ಗಂಟಲು ಕೆಟ್ಟಿದೆ ಎಂದು ಸಂದೇಶ ಕಳಿಸಿದಳು. ನಿದ್ದೆ ಹತ್ತಿರ ಸುಳಿಯಲಿಲ್ಲ. ಕೂತಲ್ಲಿ ಕೂರಲಾಗದೆ ಬಾಡಿಗೆ ಕೋಣೆಯ ಉದ್ದಗಲ ತುಳಿದಳು. ಕೊನೆಗೆ ವೀರಭದ್ರಯ್ಯನವರಿಂದ ಗವಿಸಿದ್ದೇಶನ ವಿಳಾಸ ಬರೆಸಿಕೊಂಡು, ಕಟ್ಟನ್ನು ಚೀಲಕ್ಕೆ ತುರುಕಿ, ಒಬ್ಬಳೇ ಕೊಟ್ಟೂರಿನ ಬಸ್ಸು ಹತ್ತಿದಳು.

ಓಣಿಯ ಕೊನೆಯ ಮನೆ. ಒಳಗೆ ಒಬ್ಬ ಗಂಡಸು ಎಡೆಬಿಡದೆ ಮಾತಾಡುತ್ತಿದ್ದ. ಮೂಗನ ಮನೆ ಇದಾಗಿರಲಾರದು ಎಂದು ಅವಳು ತಿರುಗುವಷ್ಟರಲ್ಲಿ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಗವಿಸಿದ್ದೇಶನ ತಾಯಿ ಮೈಲಮ್ಮ. ಅತ್ತು ಅತ್ತು ಕಣ್ಣು ಕೆಂಪಾಗಿದ್ದರೂ ಮುಖದ ತುಂಬ ನಗು. ಯಾರು, ಏನು ಎಂದು ಕೇಳುವ ಮೊದಲೇ, ಶನಿವಾರ ಮಧ್ಯಾಹ್ನ ರೊಟ್ಟಿ ಬಡಿಯುವಾಗ ಮಗ ಹಿಂದಿನಿಂದ ಅವ್ವಾ ಎಂದ ಕತೆಯನ್ನು ಅವಳಿಗೂ ಹೇಳಿದಳು.

ಯಶೋಧರಾ ಚೀಲದಿಂದ ಕಟ್ಟು ತೆಗೆದು ತೋರಿಸಿದಳು. ಬಾಯಿ ತೆರೆದು, ಮುಚ್ಚಿದಳು.

ಮೈಲಮ್ಮನ ನಗು ಬತ್ತಿತು. ಒಳಗಿನ ಮಾತೂ ನಿಂತಿತು. ಬಡಕಲು ಮೈಯ ಗವಿಸಿದ್ದೇಶ್ ಹೊರಗೆ ಬಂದು ಅವಳ ಮುಖವನ್ನೇ ನೋಡಿದ.

"ಇನ್ನೊಬ್ರು ಅಂದ್ರ ಮೊದಲಿನವ್ರಿಗೆ ಬಿಡುಗಡಿ ಅಂತ ಆ ಅಜ್ಜಿ ಹೇಳಿದ್ಲು. ಅದನ್ನ ಅವ್ವಗ ಒಬ್ಬಾಕಿಗೇ ಬರದು ತೋರಿಸಿದ್ದೆ" ಎಂದ.

ಮೈಲಮ್ಮ ಯಶೋಧರಾಳ ಕೈ ಹಿಡಿದಳು. "ಅದಕ್ಕ ಸುಡಬ್ಯಾಡ್ರಿ ಅಂತ ವರ್ಷಾ ಬಂದು ಕೈಮುಗೀತಿದ್ದೆ ತಾಯಿ. ಯಾರರ ಓದ್ಲಿ ಅಂತ ಕಾದೆ. ಯಾರದೋ ಮಗಳ ಬಾಯಿ ಹೊಕ್ಕೈತಿ ಅಂತ ಅನಕೊಳ್ಳಲಿಲ್ಲ."

ಯಶೋಧರಾಳಿಗೆ ಸಿಟ್ಟು ಬರಲಿಲ್ಲ. ಬಂದದ್ದು ಲೆಕ್ಕಾಚಾರ. ತನ್ನ ತರಗತಿಯ ಧೈರ್ಯದ ಹುಡುಗಿ ಅಮೃತಾ, ಓದು ಎಂದರೆ ಓದುತ್ತಾಳೆ. ಜೆರಾಕ್ಸ್ ಅಂಗಡಿಯವನು, ಇದೇನು ಬರೆದಿದೆ ಹೇಳಿ ಎಂದರೆ ಹೇಳುತ್ತಾನೆ. ಒಬ್ಬರಾದ ಮೇಲೆ ಒಬ್ಬರ ಮುಖ ಎದುರು ಬಂತು. ತನ್ನೊಳಗೇ ಎದ್ದ ಆ ಮುಖಗಳಿಗೆ ಹೆದರಿ ಅವಳು ಕಟ್ಟನ್ನು ಎದೆಗೆ ಒತ್ತಿ ಹಿಡಿದಳು.

ಗವಿಸಿದ್ದೇಶ್ ಕೈ ಚಾಚಿದ.

"ಕೊಡ್ರಿ ಮೇಡಂ. ನಾನ ತಿರುಗಿ ಓದ್ತೀನಿ. ನನಗ ರೂಢಿ ಐತಿ."

ಅವಳು ಕೊಟ್ಟಳು. ನಿಜವಾಗಿ ಕೊಟ್ಟಳು. ಅವನು ವರದಿಯ ಮೊದಲ ಹಾಳೆ ತೆರೆದು, ಅಂಗಳದಿಂದ ಆಚೆ ಒಮ್ಮೆ ನೋಡಿದ. ಮೈಲಮ್ಮ ಬೇಡ ಎನ್ನಲಿಲ್ಲ. ಎರಡೂ ಕಿವಿಗೆ ಕೈ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಅಂಗಳ—"

ಯಶೋಧರಾ ಅವನ ಕೈಯಿಂದ ಹಾಳೆಗಳನ್ನು ಕಿತ್ತುಕೊಂಡಳು. ಒಳಗೆ ನುಗ್ಗಿದಳು. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ತುರುಕಿದಳು. ಗವಿಸಿದ್ದೇಶ್ ಓಡಿಬಂದು ತಡೆಯಲು ಬಾಗಿದ. ಮೊಣಕೈಯಿಂದ ಅವನನ್ನು ತಳ್ಳಿದಳು. ಅಕ್ಷರಗಳು ಕೆಂಪಾಗಿ ಎದ್ದು ಕಪ್ಪಾದವು. ಮೊಬೈಲಿನಲ್ಲಿ ಉಳಿದದ್ದನ್ನೂ ಅಳಿಸಿದಳು. ಹಾಳೆಗಳು ಬೂದಿಯಾಗುವತನಕ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಗಂಟಲೊಳಗಿನ ನೂಲು ಒಮ್ಮೆ ಬಿಗಿದು, ಬಿಗಿದಂತೆಯೇ ನಿಂತಿತು.

ಇನ್ನು ಅದನ್ನು ಬಿಡಿಸುವವರಿಲ್ಲ.

ಮೈಲಮ್ಮ ಅವಳ ಪಾದದ ಮೇಲೆ ಹಣೆಯಿಟ್ಟಳು. ಯಶೋಧರಾ ಕಾಲು ಎಳೆದುಕೊಂಡು ಹೊರನಡೆದಳು. ಕ್ಷಮಿಸಿದ್ದೇನೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಹರಪನಹಳ್ಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಅಭ್ಯಾಸಬಲದಿಂದ ಅವಳು ಬಾಯಿ ತೆರೆದಳು. ಅವನು ಕಿವಿ ಹತ್ತಿರ ತಂದು, ಇಂಜಿನ್ ಸಪ್ಪಳಕ್ಕೆ ಕೇಳುತ್ತಿಲ್ಲ, ಜೋರಾಗಿ ಹೇಳಿ ಎಂದು ಗದರಿದ. ಅವಳು ಮತ್ತೊಮ್ಮೆ ತೆರೆದಳು.

ಹಿಂದಿನ ಸೀಟಿನ ಮುದುಕಿ ಬಾಗಿ ಅವಳ ತುಟಿ ನೋಡಿದಳು.

"ಬೈಬ್ಯಾಡಪ್ಪ. ಮೂಗಿ ಅದಾಳ ಪಾಪ" ಎಂದಳು.