ನಲವತ್ತೊಂದನೇ ಸಾಮಾನು

ಹನ್ನೊಂದು ವರ್ಷದ ಹಿಂದೆ, ಮದುವೆಯಾದ ಐದನೇ ದಿನ, ಅತ್ತೆ ಸೊಸೆಗೆ ಒಂದು ಮಾತು ಕೊಟ್ಟಿದ್ದರು. "ನಿನ್ನ ಚೀಲಕ್ಕೆ ಇನ್ನು ನಾನು ಕೈ ಹಾಕಲ್ಲ. ಅದಕ್ಕೆ ಬೆಂಕಿ ಬಿದ್ದರೂ ನಿನ್ನನ್ನೇ ಕೂಗ್ತೀನಿ."

ಆ ಮಾತಿನ ಹಿಂದೆ ಒಂದು ಅಳು ಇತ್ತು. ಅತ್ತೆ ಮೂವತ್ತೆಂಟು ವರ್ಷ ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ಕಿಟಕಿ ನೋಡಿಕೊಂಡವರು. ಹತ್ತು ನಿಮಿಷ ಯಾರೂ ಮುಟ್ಟದ ಚೀಲ ಕಂಡರೆ ಬಿಚ್ಚಿ, ಒಳಗಿದ್ದದ್ದನ್ನು ಪಟ್ಟಿ ಮಾಡುವುದು ಅವರ ಕೈಗೆ ಅಂಟಿದ ಚಟ. ಹೊಸ ಸೊಸೆ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳ ಚೀಲದ ಪಟ್ಟಿ ಮೇಜಿನ ಮೇಲೆ ಸಿದ್ಧವಾಗಿತ್ತು: ಬಾಚಣಿಗೆ ಒಂದು, ತಲೆನೋವಿನ ಮಾತ್ರೆ ನಾಲ್ಕು, ತವರುಮನೆಯ ಬೀಗದ ಕೈ ಒಂದು. ಬೀಗದ ಕೈಯನ್ನು ಅವಳು ಯಾರಿಗೂ ಹೇಳದೆ ತಂದಿದ್ದಳು. ಬಾಗಿಲು ಹಾಕಿಕೊಂಡು ಅತ್ತಳು. ಅತ್ತೆ ಬಾಗಿಲಾಚೆ ನಿಂತು ಆ ಮಾತು ಕೊಟ್ಟರು.

ಅತ್ತೆ ನಿವೃತ್ತರಾದ ಮೇಲೆ ಮನೆಯಲ್ಲಿ ಕೂತವರಲ್ಲ. ಊರಾಚೆಯ ಮುಚ್ಚಿದ ನೂಲಿನ ಗಿರಣಿಯಲ್ಲಿ ವರ್ಷಕ್ಕೊಮ್ಮೆ ಮೂರು ದಿನದ ವೇಷದ ಆಟ ನಡೆಯುತ್ತಿತ್ತು. ಮುನ್ನೂರು ಜನ ರಾಜರಾಗಿ, ಸೈನಿಕರಾಗಿ, ವೈದ್ಯರಾಗಿ, ಕಳ್ಳರಾಗಿ ಬದುಕುವ ಆಟ. ನೋಡುವವರು ಬೇರೆ ಇಲ್ಲ, ಆಡುವವರೇ ಎಲ್ಲ. ಮುನ್ನೂರು ಜನ ಇದ್ದಲ್ಲಿ ಆರುನೂರು ಸಾಮಾನು ಕಳೆಯುತ್ತವೆ. ಆಟವನ್ನು ಹೆಣೆದು ನಡೆಸುವ ಮೇಷ್ಟ್ರು ನಾಲ್ಕು ವರ್ಷದಿಂದ ಗೇಟಿನ ಕೋಣೆಯನ್ನು ಈ ಅತ್ತೆ-ಸೊಸೆಗೆ ಒಪ್ಪಿಸಿದ್ದರು. ಆಟಗಾರರು ಅತ್ತೆಯನ್ನು ಪತ್ತೆಯಮ್ಮ ಎನ್ನುತ್ತಿದ್ದರು. ಒಂಟಿ ಚಪ್ಪಲಿಯ ಸವೆತ ನೋಡಿ ಒಡೆಯನನ್ನು ಹಿಡಿದು ತಂದವರು ಅವರು. ಯಾರಾದರೂ ಹೊಗಳಿದಾಗಲೆಲ್ಲ ಸೊಸೆ "ನಮ್ಮತ್ತೆ ಅಲ್ವಾ" ಎಂದು ಸೇರಿಸುತ್ತಿದ್ದಳು.

ಆಟಕ್ಕೆ ಎರಡು ಕಟ್ಟುನಿಟ್ಟಾದ ನಿಯಮ. ನೀಲಿ ದಾರ ಕಟ್ಟಿದ ಸಾಮಾನು ಆಟದ್ದು, ಅದನ್ನು ಆಟದೊಳಗೆ ಕದಿಯಬಹುದು. ದಾರ ಇಲ್ಲದ್ದು ಸ್ವಂತದ್ದು, ಮುಟ್ಟುವಂತಿಲ್ಲ. ದಾರ ಕಟ್ಟುವ ಕೆಲಸ ಕುತ್ತಿಗೆಗೆ ಕತ್ತರಿ ತೂಗಿಕೊಂಡು ಓಡಾಡುವ ದರ್ಜಿಯದು. ಎರಡನೆಯದು, ತಲೆಗೆ ಬಿಳಿ ಪಟ್ಟಿ ಕಟ್ಟಿದವರು ಅಲ್ಲಿ ಇಲ್ಲ ಎಂದೇ ಲೆಕ್ಕ. ಆಟದಲ್ಲಿ ಸತ್ತವರು, ಆಟ ನಡೆಸುವ ಕೆಲಸದವರು ಹಾಗೆ ಓಡಾಡುತ್ತಾರೆ. ಅವರು ಎದುರಿಗೆ ಬಂದರೆ ಮುಖ ತಿರುಗಿಸಬೇಕು, ಮಾತಾಡಿಸಬಾರದು. ಮೊದಲ ವರ್ಷ ಸೊಸೆ ಬಿಳಿ ಪಟ್ಟಿಯ ಒಬ್ಬನನ್ನು "ಊಟ ಆಯ್ತಾ?" ಎಂದು ಕೇಳಿ, "ಸತ್ತವರಿಗೆಂಥ ಊಟ" ಎಂದು ಮೇಷ್ಟ್ರಿಂದ ಎಲ್ಲರೆದುರು ಬೈಸಿಕೊಂಡಿದ್ದಳು. ಮತ್ತೆ ಆ ತಪ್ಪು ಮಾಡಲಿಲ್ಲ.

ಕೆಲಸದಲ್ಲೂ ಅವಳು ಹಾಗೆಯೇ, ಒಂದು ಸಲ ಹೇಳಿದರೆ ಸಾಕು. ಈ ವರ್ಷದ ಆಟದ ಮೊದಲ ದಿನ ಸಂಜೆ ಕೋಣೆ ಗುಡಿಸಿ ಒರೆಸುವಾಗ ಸಿಕ್ಕಿದ್ದನ್ನೂ ಬಿಡದೆ ಪುಸ್ತಕಕ್ಕೇರಿಸಿದಳು. ಹನ್ನೊಂದು: ಗೂಡಿನ ಮೇಲಿನ ಡಬ್ಬಿಯಲ್ಲಿ ಹಿತ್ತಾಳೆ ಉಂಗುರ, ನೀಲಿ ದಾರ ಇದೆ, ಆಟದ ಕಚೇರಿಯ ಪೆಟ್ಟಿಗೆಗೆ ಕಳಿಸಿದೆ. ಹನ್ನೆರಡು: ಬಾಗಿಲ ಪಕ್ಕದ ಮೊಳೆಯಲ್ಲಿ ಖಾಲಿ ಬಟ್ಟೆ ಚೀಲ, ಒಡೆಯರು ಯಾರೆಂದು ತಿಳಿದಿಲ್ಲ. ಚೀಲವನ್ನು ಮಡಿಸಿ ಕಪಾಟಿನಲ್ಲಿಟ್ಟಳು. ಖಾಲಿಯಾದ ಮೊಳೆಗೆ ತನ್ನ ಚೀಲ ತೂಗುಹಾಕಿದಳು. ಡಬ್ಬಿಯನ್ನು ಒರೆಸಿ ಮೇಜಿನ ಮೇಲಿಟ್ಟುಕೊಂಡಳು. ಬೆಲೆಬಾಳುವ ಸಾಮಾನಿಗೆ ಇಬ್ಬರ ಸಹಿ ಬೀಳದೆ ಕಬ್ಬಿಣದ ಪೆಟ್ಟಿಗೆಗೆ ಹಾಕಬಾರದು ಎಂಬುದು ಅತ್ತೆಯ ನಿಯಮ. ಅಲ್ಲಿಯವರೆಗೆ ಅಂಥವು ಆ ಡಬ್ಬಿಯಲ್ಲಿ ಕಾಯಬೇಕು.

ಎರಡನೇ ದಿನ ಬೆಳಿಗ್ಗೆ ಹತ್ತಕ್ಕೆ ಅತ್ತೆ ಒಡೆಯರಿಲ್ಲದ ನೀರಿನ ಬಾಟಲಿಗಳನ್ನು ಗಾಡಿಗೆ ತುಂಬಿಕೊಂಡು ಗಿರಣಿ ಸುತ್ತಲು ಹೋದರು. ಅವರು ಹೋಗಿ ಸ್ವಲ್ಪ ಹೊತ್ತಿಗೆ ನಲವತ್ತೊಂದನೇ ಸಾಮಾನು ಬಂತು. ನಲ್ಲಿಕಟ್ಟೆಯ ಮೇಲೆ ಸಿಕ್ಕಿದ ಚಿನ್ನದ ಉಂಗುರ, ದಾರ ಇಲ್ಲ, ಒಳಮೈಯಲ್ಲಿ ಬೆಸುಗೆಯ ಗೆರೆ. ಸೊಸೆ ಬರೆದುಕೊಂಡು, ಸಹಿ ಹಾಕಿ, ಡಬ್ಬಿಯಲ್ಲಿಟ್ಟು ಅತ್ತೆಗೆ ಕಾದಳು.

ಹನ್ನೊಂದೂವರೆಗೆ ಆಟದ ರಾಣಿ ಓಡಿ ಬಂದಳು. ಹೊರಗಿನ ಲೋಕದಲ್ಲಿ ಆಕೆ ಹಲ್ಲಿನ ಡಾಕ್ಟರು. ಕೈ ತೊಳೆಯುವಾಗ ಅಮ್ಮನ ಉಂಗುರ ತೆಗೆದಿಟ್ಟು ಮರೆತಿದ್ದಳು. ಸೊಸೆ ನಗುತ್ತ ಡಬ್ಬಿಗೆ ಕೈ ಹಾಕಿದಳು. ಡಬ್ಬಿ ಖಾಲಿ.

ಮೇಜಿನ ಕೆಳಗೆ, ಪುಸ್ತಕದ ಮಡಿಕೆಯಲ್ಲಿ, ಕಸದ ಬುಟ್ಟಿಯಲ್ಲಿ ಹುಡುಕಿದ್ದಾಯಿತು. ಮೇಷ್ಟ್ರು ಬಂದರು. ಮೊದಲು ಎಲ್ಲರ ಕಣ್ಣು ಬಿದ್ದದ್ದು ಆಟದ ಕಳ್ಳನ ಮೇಲೆ. ಅವನ ನಿಜವಾದ ಕೆಲಸ ಅಂಚೆ ಹಂಚುವುದು. ಅವನಿಗೆ ಕೋಪಕ್ಕಿಂತ ಅವಮಾನ ಹೆಚ್ಚಾಯಿತು. ದಾರ ಇಲ್ಲದ್ದನ್ನು ಮುಟ್ಟುವ ಕಳ್ಳ ತಾನಲ್ಲ, ತನಗೆ ಈ ಕೋಣೆಯಲ್ಲಿ ಕೆಲಸ ಇರುವುದು ಮೂರು ಗಂಟೆಗೆ, ಅದಕ್ಕೆ ಮೊದಲು ಇತ್ತ ತಲೆ ಹಾಕಿಲ್ಲ ಎಂದ. ಬೆಳಗಿಂದ ಅವನು ಸೆರೆಮನೆಯಲ್ಲಿ ಕೂತಿದ್ದನ್ನು ನಲವತ್ತು ಸೈನಿಕರು ನೋಡಿದ್ದರು.

"ಮತ್ತೆ ಯಾರು ಬಂದ್ರು ಇಲ್ಲಿಗೆ?" ಎಂದರು ಮೇಷ್ಟ್ರು.

"ಯಾರೂ ಬಂದಿಲ್ಲ. ಒಂದು ನೊಣ ಕೂಡ ಬಂದಿಲ್ಲ," ಎಂದಳು ಸೊಸೆ. ಹೇಳಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವಳಿಗೇ ಹೊಳೆಯಿತು. ಯಾರೂ ಬಾರದ ಕೋಣೆಯಲ್ಲಿ ಇದ್ದದ್ದು ಅವಳೊಬ್ಬಳೇ.

ರಾಣಿ ಜೋರು ಮಾಡಲಿಲ್ಲ. ಮೆಲ್ಲಗೆ, ಅದು ಅಮ್ಮನದು ಎಂದು ಮಾತ್ರ ಹೇಳಿ ಬೆಂಚಿನ ಮೇಲೆ ಕೂತಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅತ್ತೆ ಬಾಟಲಿ ಗಾಡಿ ತಳ್ಳಿಕೊಂಡು ಬಂದಾಗ ಮೇಷ್ಟ್ರು ಕೈ ಹಿಸುಕಿಕೊಳ್ಳುತ್ತ ವಿಷಯ ತಿಳಿಸಿದರು. ಊಟದ ಗಂಟೆಯೊಳಗೆ ಸಿಗದಿದ್ದರೆ ಪೊಲೀಸರನ್ನು ಕರೆಯಬೇಕು, ಈ ಕಿಟಕಿ ಮುಚ್ಚಬೇಕು. ಅದಕ್ಕೆ ಮೊದಲು ಸೊಸೆಯ ಚೀಲವನ್ನು ಅತ್ತೆಯೇ ಒಮ್ಮೆ ನೋಡಿಬಿಟ್ಟರೆ ಮನೆಯೊಳಗಿನ ಮಾತು ಮನೆಯೊಳಗೇ ಇರುತ್ತದೆ ಎಂದರು.

"ಆ ಚೀಲ ನಾನು ಮುಟ್ಟಲ್ಲ," ಎಂದರು ಅತ್ತೆ.

ಸೊಸೆಗೆ ಮುಖ ಸುಟ್ಟ ಹಾಗಾಯಿತು. ತಾನೇ ಬಿಚ್ಚಿ ತೋರಿಸಲು ಮೊಳೆಯತ್ತ ಹೊರಟಳು. ಅತ್ತೆ ಅಡ್ಡ ಬಂದರು.

"ನೀನೂ ಮುಟ್ಟಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ? ಕೂತ್ಕೋ."

ಅವಳು ಕೂತಳು. ಚೀಲ ತೆರೆಯಬೇಡ ಎಂದರೆ ಅತ್ತೆಗೆ ಅದರಲ್ಲಿ ಏನೋ ಇದೆ ಎಂಬ ಅನುಮಾನವೇ? ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ನಿಂತವರು, ಮಗಳಿಗೆ ಜ್ವರ ಬಂದಾಗ ಸರದಿಯ ಮೇಲೆ ಎದ್ದವರು. ಅವರೇ ನಂಬದಿದ್ದರೆ ಪೊಲೀಸರು ನಂಬಿ ಏನಾಗಬೇಕು?

ಅತ್ತೆ ಕನ್ನಡಕ ಏರಿಸಿ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಹೋದರು. ಮೊದಲ ದಿನದ ಸಂಜೆಗೆ ಬಂದು ನಿಂತರು. ಡಬ್ಬಿಯನ್ನು ಎತ್ತಿ ನೋಡಿದರು. ಮೇಜಿನ ಅಂಚಿನಿಂದ ಏನನ್ನೋ ಬೆರಳಿಗೆ ಅಂಟಿಸಿಕೊಂಡರು. ಒಂದು ಅಂಗುಲದ ನೀಲಿ ದಾರದ ತುಣುಕು, ತುದಿ ಕತ್ತರಿಸಿದಂತೆ ನೇರ. ಆಮೇಲೆ ಸೊಸೆಯ ಕಿವಿಯ ಹತ್ತಿರ ಬಗ್ಗಿ, ಯಾರು ಬಂದರು ಎಂದು ಕೇಳದೆ, ಬೇರೆಯೇ ಒಂದು ಪ್ರಶ್ನೆ ಕೇಳಿದರು.

"ನಾನು ಹೋದ ಮೇಲೆ ಎಷ್ಟು ಸಲ ಮುಖ ತಿರುಗಿಸಿದೆ?"

"ಒಂದು ಸಲ," ಎಂದಳು ಸೊಸೆ, ಅರ್ಥವಾಗದೆ.

ಅತ್ತೆ ನೆಟ್ಟಗಾದರು. "ಮೇಷ್ಟ್ರೇ, ಎಲ್ಲರನ್ನೂ ಕರೀರಿ. ಇಲ್ಲದವರನ್ನೂ ಕರೀರಿ."

ಬಿಳಿ ಪಟ್ಟಿಯ ಎಂಟೂ ಮಂದಿ ಬಂದರು. ಪಟ್ಟಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುವಂತೆ ಅತ್ತೆ ಹೇಳಿದರು. ಕೋಣೆ ಕಿಕ್ಕಿರಿಯಿತು. ಬಾಗಿಲಲ್ಲಿ ಸೈನಿಕರು ಈಟಿ ಊರಿಕೊಂಡು ಇಣುಕುತ್ತಿದ್ದರು. ಅತ್ತೆ ಡಿಪೋದ ಕಿಟಕಿಯಲ್ಲಿ ನಿಲ್ಲುತ್ತಿದ್ದಂತೆಯೇ ಮೇಜಿಗೆ ಎರಡೂ ಕೈ ಊರಿ ನಿಂತರು. ಆ ನಿಲುವು ಕಂಡು, ಅಷ್ಟು ಸಂಕಟದಲ್ಲೂ ಸೊಸೆಗೆ ಎದೆ ಉಬ್ಬಿತು.

"ಮೊದಲು ನಿಮ್ಮದೇ ಒಂದು ಪ್ರಶ್ನೆ, ಮೇಷ್ಟ್ರೇ. ಆಟ ಶುರುವಾಗೋ ಮೊದಲು ಈ ಕೋಣೆಯಲ್ಲಿ ನೀವು ಏನೇನು ಇಟ್ಟಿದ್ರಿ?"

ಮೇಷ್ಟ್ರು ತಡವರಿಸಿದರು. ಅದು ಕತೆಯ ಗುಟ್ಟು, ಗೇಟಿನವರಿಗೂ ಹೇಳಿರಲಿಲ್ಲ. ಕೊನೆಗೆ ಬಾಯಿ ಬಿಟ್ಟರು. ಗೂಡಿನ ಡಬ್ಬಿಯಲ್ಲಿ ರಾಜಮುದ್ರೆಯ ಉಂಗುರ, ಮೊಳೆಯಲ್ಲಿ ಖಾಲಿ ಚೀಲ. ಇಂದು ಹನ್ನೊಂದಕ್ಕೆ ಒಬ್ಬರು ಬಂದು ಡಬ್ಬಿಯ ಉಂಗುರವನ್ನು ಚೀಲಕ್ಕೆ ಹಾಕಬೇಕು. ಮೂರಕ್ಕೆ ಕಳ್ಳ ಬಂದು ಚೀಲದಿಂದ ಕದಿಯಬೇಕು.

ಅಂಚೆಯವನು ಜೇಬಿನಿಂದ ತನ್ನ ಪಾತ್ರದ ಚೀಟಿ ತೆಗೆದು ತೋರಿಸಿದ. ಅದರಲ್ಲಿಯೂ ಹಾಗೆಯೇ ಬರೆದಿತ್ತು.

"ನಿಮ್ಮ ಉಂಗುರಾನೂ ಚೀಲಾನೂ ಮೊದಲ ದಿನವೇ ಇದ್ದ ಜಾಗ ಬಿಟ್ಟಿವೆ," ಎಂದು ಅತ್ತೆ ಪುಸ್ತಕ ತಿರುಗಿಸಿ ತೋರಿಸಿದರು. "ಹನ್ನೊಂದು, ಹನ್ನೆರಡು. ನನ್ನ ಸೊಸೆ ಒಡೆಯರಿಲ್ಲದ ಸಾಮಾನು ಅಂತ ಬರೆದು, ಎಲ್ಲಿ ಸೇರಬೇಕೋ ಅಲ್ಲಿಗೆ ಸೇರಿಸಿದ್ದಾಳೆ. ನಿಮ್ಮ ಕಚೇರಿಯ ಪೆಟ್ಟಿಗೆ ನೀವು ನೋಡಿಲ್ಲ. ಅದೇ ಡಬ್ಬಿ ಮೇಜಿಗೆ ಬಂತು. ಅದೇ ಮೊಳೆಗೆ ಅವಳ ಚೀಲ ಬಂತು. ಇವತ್ತು ಬೆಳಿಗ್ಗೆ ಅದೇ ಡಬ್ಬಿಗೆ ಇನ್ನೊಂದು ಉಂಗುರ ಬಂತು."

ಅತ್ತೆ ದಾರದ ತುಣುಕನ್ನು ಬೆಳಕಿಗೆ ಹಿಡಿದರು. ಕಳೆದುಹೋದ ಉಂಗುರಕ್ಕೆ ದಾರ ಇರಲಿಲ್ಲ, ಆದರೂ ಮೇಜಿನ ಮೇಲೆ ದಾರದ ತುದಿ ಬಿದ್ದಿದೆ. ಅಂದರೆ ಇಲ್ಲಿಯೇ ಯಾರೋ ದಾರ ಕಟ್ಟಿ ಉಳಿದದ್ದನ್ನು ಕತ್ತರಿಸಿದ್ದಾರೆ. ಕದಿಯಲು ಬಂದವನು ಕದಿಯುವ ಸಾಮಾನಿಗೆ ಗುರುತು ಕಟ್ಟುತ್ತ ಕೂರುವುದಿಲ್ಲ. ಗುರುತು ಕಟ್ಟುವುದೇ ಕೆಲಸವಾದವನು ಕಟ್ಟುತ್ತಾನೆ.

"ಆದ್ರೆ ಯಾರೂ ಬಂದಿಲ್ಲ ಅಂದ್ರಲ್ಲ ಇವರು," ಎಂದಳು ರಾಣಿ.

"ಇವಳು ಸುಳ್ಳು ಹೇಳಿಲ್ಲ. ಬಿಳಿ ಪಟ್ಟಿಯವರು ಇಲ್ಲ ಅಂತ ಕಲಿಸಿದ್ದು ನೀವೇ ಎಲ್ಲ. ಇವಳು ಕಲಿತಳು. ಬಂದಾಗ ಮುಖ ತಿರುಗಿಸಿದಳು, ಹೋದ ಮೇಲೆ ಲೆಕ್ಕದಿಂದಲೂ ಬಿಟ್ಟಳು. ಯಾರು ಬಂದ್ರು ಅಂತ ಕೇಳಿದ್ರೆ ನೂರು ಸಲವೂ ಯಾರೂ ಇಲ್ಲ ಅಂತಲೇ ಅಂತಿದ್ದಳು. ಅದಕ್ಕೇ ಎಷ್ಟು ಸಲ ಮುಖ ತಿರುಗಿಸಿದೆ ಅಂತ ಕೇಳಿದೆ."

ಎಲ್ಲರೂ ಬಿಳಿ ಪಟ್ಟಿ ಹಿಡಿದು ನಿಂತಿದ್ದ ದರ್ಜಿಯತ್ತ ತಿರುಗಿದರು. ಅವನ ಕೈ ತಾನಾಗಿ ಕತ್ತರಿಯ ಮೇಲೆ ಹೋಗಿತ್ತು.

"ನಾನೇ ಬಂದಿದ್ದೆ," ಎಂದ. "ಹುಡುಕ್ತಾ ಇರೋದು ರಾಣಿಯವರ ಉಂಗುರ ಅಂದ್ರು. ನಾನು ಚೀಲಕ್ಕೆ ಹಾಕಿದ್ದು ರಾಜನ ಉಂಗುರ ಅಂದ್ಕೊಂಡಿದ್ದೆ. ದಾರ ಬಿಚ್ಚಿ ಬಿದ್ದಿರಬೇಕು ಅಂತ ಹೊಸದು ಕಟ್ಟಿದೆ. ನನಗೆ ಬಟ್ಟೆ ಗೊತ್ತಮ್ಮ, ಚಿನ್ನ ಹಿತ್ತಾಳೆ ಗೊತ್ತಿಲ್ಲ."

ನಿನ್ನನ್ನು ಯಾರೂ ಕೇಳಲಿಲ್ಲವೇ ಎಂದು ಮೇಷ್ಟ್ರು ಕೇಳಿದ್ದಕ್ಕೆ, ಇಲ್ಲದವನನ್ನು ಯಾರು ಕೇಳುತ್ತಾರೆ ಎಂದ. ಬಾಗಿಲಲ್ಲಿದ್ದ ಸೈನಿಕರು ನಕ್ಕರು. ಮೇಷ್ಟ್ರು ನಗಲಿಲ್ಲ.

"ತಪ್ಪಾದದ್ದು ಯಾಕೆ ಗೊತ್ತಾ?" ಎಂದರು ಅತ್ತೆ. "ನನ್ನ ಸೊಸೆ ಕೆಲಸವನ್ನ ಚೊಕ್ಕವಾಗಿ ಮಾಡಿದ್ದಕ್ಕೆ. ಸೋಮಾರಿ ಇದ್ದಿದ್ರೆ ಆ ಚೀಲ ಮೊಳೆಯಲ್ಲೇ ಇರ್ತಿತ್ತು." ಅವರು ಅಂಥ ಮಾತನ್ನು ಮನೆಯಲ್ಲಿ ಎಂದೂ ಆಡಿದವರಲ್ಲ. "ಈಗ ಎದ್ದೇಳೇ. ನಿನ್ನ ಚೀಲ ತೆಗಿ."

ಸೊಸೆ ಎದ್ದಳು. ಮೊಳೆಯಿಂದ ಚೀಲ ಇಳಿಸಿ ಎಲ್ಲರೆದುರು ಮೇಜಿನ ಮೇಲಿಟ್ಟು ಬಾಯಿ ಬಿಚ್ಚಿದಳು. ಬುತ್ತಿಡಬ್ಬಿ, ಕೊಡೆ, ಫೋನ್, ಗುಂಡಿ ಹಾಕಬೇಕೆಂದು ತಂದಿದ್ದ ಮಗಳ ಅಂಗಿ. ಅಂಗಿಯ ಮಡಿಕೆಯಲ್ಲಿ ಉಂಗುರ ಇತ್ತು, ನೀಲಿ ದಾರದ ಅಚ್ಚುಕಟ್ಟಾದ ಗಂಟಿನ ಸಮೇತ.

ರಾಣಿ ಕೈ ಚಾಚಿದಳು. ಅತ್ತೆ ಉಂಗುರದ ಮೇಲೆ ಅಂಗೈ ಮುಚ್ಚಿದರು.

"ಕಣ್ಣಿಗೆ ಕಾಣದ ಒಂದು ಗುರುತು ಹೇಳಿ."

"ಒಳಗೆ ಬೆಸುಗೆ ಇದೆ," ಎಂದಳು ರಾಣಿ. "ಅಮ್ಮನ ಕೈ ಊದಿಕೊಂಡಾಗ ಆಸ್ಪತ್ರೆಯಲ್ಲಿ ಕತ್ತರಿಸಿದ್ರು. ಆಮೇಲೆ ನಾನು ಬೆಸುಗೆ ಹಾಕಿಸಿದೆ." ಸೊಸೆಯತ್ತ ತಿರುಗಿ ತನ್ನ ತಪ್ಪಾಯಿತು ಎಂದಳು. ಪುಸ್ತಕದಲ್ಲಿ ನಲವತ್ತೊಂದರ ಮುಂದೆ ಸಹಿ ಹಾಕಿದಳು. ಮೇಷ್ಟ್ರು ಮುಂದಿನ ಆಟಕ್ಕೂ ಕಿಟಕಿ ನಿಮ್ಮದೇ ಎಂದಾಗ ಅತ್ತೆ, ಕತೆಯ ಗುಟ್ಟೂ ಪುಸ್ತಕಕ್ಕೆ ಬರುವುದಾದರೆ ಮಾತ್ರ ಎಂದರು.

ಕೋಣೆ ಖಾಲಿಯಾದ ಮೇಲೆ ಸೊಸೆ ಕೇಳಿದಳು. "ಚೀಲದಲ್ಲೇ ಇದೆ ಅಂತ ಗೊತ್ತಿತ್ತಲ್ಲ, ಅತ್ತೆ. ಮೊದಲೇ ತೆಗೆಸಬಹುದಿತ್ತು."

"ಮೊದಲು ಉಂಗುರ ಬಂದು ಆಮೇಲೆ ಮಾತು ಬಂದಿದ್ರೆ ನೀನು ಕಳ್ಳಿ ಆಗ್ತಿದ್ದೆ. ನಾನೇನು ಹೇಳಿದ್ರೂ ಸೊಸೆನ ಉಳಿಸೋಕೆ ಕಟ್ಟಿದ ಕತೆ ಆಗ್ತಿತ್ತು. ಮೊದಲು ಮಾತು, ಆಮೇಲೆ ಉಂಗುರ."

ಸೊಸೆ ಚೀಲವನ್ನು ಹೆಗಲಿಗೇರಿಸಿಕೊಂಡಳು. ಒಂದು ತೋಳಲ್ಲಿ ಪುಸ್ತಕ, ಇನ್ನೊಂದರಲ್ಲಿ ಕಬ್ಬಿಣದ ಪೆಟ್ಟಿಗೆ ಹೊತ್ತು ಊಟಕ್ಕೆ ಹೊರಟಳು. ಹೆಗಲ ಚೀಲದಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಮನೆಯಿಂದ ಮಗಳು ಇರಬೇಕು.

"ಅತ್ತೆ, ಕೈ ಖಾಲಿ ಇಲ್ಲ. ಚೀಲದಿಂದ ಸ್ವಲ್ಪ ತೆಗೀರಿ."

ಅತ್ತೆ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡರು. ಪೆಟ್ಟಿಗೆಯನ್ನೂ ತೆಗೆದುಕೊಂಡರು. ಚೀಲ ಮುಟ್ಟಲಿಲ್ಲ.